ವಾರಿಜಕ್ಕನ ಮನೆಯ ಬೆಲ್ಲ ಮತ್ತು ನೀರು

ಊರಿಗೆಲ್ಲ ನರ್ಸಮ್ಮನಾಗಿದ್ದ ನನ್ನ ಅಮ್ಮನಿಗೆ,

ಮೊದಲು ನಗು ಬರುವ ಸುದ್ದಿ ಹೇಳಿಬಿಡುತ್ತೇನೆ. ನಲವತ್ತಾರನೆಯ ವಯಸ್ಸಿನಲ್ಲಿ ನಿನ್ನ ಮಗಳು ಸೈಕಲ್ ರೇಸಿಗೆ ಹೋಗಿದ್ದಳು. ಡಾಮರು ರಸ್ತೆಯದ್ದಲ್ಲ, ಮಣ್ಣು, ಜಲ್ಲಿ, ಕೆಂಪು ಮುರಕಲ್ಲಿನ ದಾರಿಯಲ್ಲಿ ನೂರು ಕಿಲೋಮೀಟರ್. ಮೂಡುಬಿದಿರೆಯಿಂದ ಹೊರಟು, ಬಂಟ್ವಾಳದ ಕಡೆಯ ಗುಡ್ಡೆಗಳನ್ನು ಹತ್ತಿಳಿದು, ವೇಣೂರಿನ ಮೂಲಕ ಮತ್ತೆ ಮೂಡುಬಿದಿರೆಗೆ, ಮಧ್ಯಾಹ್ನ ಮೂರು ಗಂಟೆಯೊಳಗೆ. ಕಳೆದ ವರ್ಷ ಸಿದ್ಧಕಟ್ಟೆಯಲ್ಲೇ ಸುಸ್ತಾಗಿ, ಸೈಕಲ್ಲನ್ನು ಪಿಕಪ್ಪಿಗೆ ಹಾಕಿಸಿಕೊಂಡು ಬಂದಿದ್ದೆ. ಈ ಸಲ ಸಮಯದೊಳಗೆ ಮುಗಿಸಿ ಪದಕ ತರಲೇಬೇಕೆಂದು ಹಠ ಹಿಡಿದಿದ್ದೆ.

ವೇಣೂರು ದಾಟಿದ ಮೇಲೆ ನಿನ್ನ ಕೆಲಸದ ದಾರಿ ಸಿಕ್ಕಿತು. ಲಸಿಕೆಯ ಪೆಟ್ಟಿಗೆಯನ್ನು ಹ್ಯಾಂಡಲಿಗೆ ತೂಗುಹಾಕಿ, ನನ್ನನ್ನು ಕ್ಯಾರಿಯರಿನಲ್ಲಿ ಕೂರಿಸಿ, ಸೀರೆ ಉಟ್ಟು, ಗೇರಿಲ್ಲದ ಸೈಕಲ್ಲಿನಲ್ಲಿ ಇದೇ ಜಲ್ಲಿಯ ಮೇಲೆ ನೀನು ಹೇಗೆ ಹೋಗುತ್ತಿದ್ದೆ? ನನಗೆ ಅಷ್ಟೆಲ್ಲ ಗೇರು ಇದ್ದೂ ಏದುಸಿರು. ಹೋದ ಮನೆಯಲ್ಲೆಲ್ಲ ನಿನಗೊಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಒಂದು ಚೆಂಬು ನೀರು. ಎಷ್ಟು ಅವಸರವಿದ್ದರೂ ನೀನು ಬೇಡವೆನ್ನುತ್ತಿರಲಿಲ್ಲ. ಕುಡಿಯದೆ ಎದ್ದರೆ ಆ ಮನೆಯವರಿಗೆ ಅವಮಾನ ಎನ್ನುತ್ತಿದ್ದೆ.

ಒಂದೇ ಒಂದು ಸಲ ತಪ್ಪಿತು, ಗುಡ್ಡೆಯ ಮೇಲಿನ ವಾರಿಜಕ್ಕನ ಮನೆಯಲ್ಲಿ. ಅವತ್ತು ನನ್ನ ಶಾಲೆಯ ವಾರ್ಷಿಕೋತ್ಸವ, ಮೊದಲನೆಯದೇ ನನ್ನ ಡ್ಯಾನ್ಸು. "ಹೋಗುವ ಅಮ್ಮ, ಹೋಗುವ" ಎಂದು ನಿನ್ನ ಸೆರಗು ಎಳೆಯುತ್ತಿದ್ದೆ. "ಕೂತ್ಕೊಳ್ಳಿ ನರ್ಸಮ್ಮ, ನೀರು ತರ್ತೇನೆ" ಎಂದರು ಅವರು. "ಇವತ್ತು ಬೇಡ ವಾರಿಜಕ್ಕ, ಇನ್ನೊಮ್ಮೆ ಬರ್ತೇನೆ" ಎಂದು ನೀನು ಹೊರಟುಬಿಟ್ಟೆ. ಮರುವಾರವೇ ನಿನಗೆ ವಿಟ್ಲಕ್ಕೆ ವರ್ಗ. ಆಸ್ಪತ್ರೆಯಲ್ಲಿ, ಮಾತು ಕಡಿಮೆಯಾದ ಕೊನೆಯ ವಾರದಲ್ಲೂ ನೀನು ಕೇಳಿದ್ದೆ: "ವಾರಿಜಕ್ಕ ಬೇಸರ ಮಾಡಿರಬಹುದಾ?" ನನ್ನಿಂದ ಆದದ್ದೆಂದು ನೀನು ಒಮ್ಮೆಯೂ ಹೇಳಲಿಲ್ಲ. ಅದೇ ನನಗೆ ಹೆಚ್ಚು ನೋವು. ನೀನು ಹೋದ ಮೇಲೆ, ಅವರನ್ನೇ ಹೋಗಿ ಕೇಳಬೇಕು ಎಂದುಕೊಳ್ಳುತ್ತಲೇ ಮೂರು ವರ್ಷ ಕಳೆದೆ.

ರೇಸಿನ ದಿನ ಅವರ ಮನೆಯ ತಿರುವಿನಲ್ಲಿ ವಾರಿಜಕ್ಕನೇ ನಿಂತಿದ್ದರು. ಬೆನ್ನು ಬಾಗಿದೆ, ಕೈಯಲ್ಲಿ ತಟ್ಟೆ, ಚೆಂಬು. ಹೋಗುವ ಸೈಕಲ್ಲಿನವರನ್ನೆಲ್ಲ ಕರೆಯುತ್ತಿದ್ದರು, ಯಾರೂ ನಿಲ್ಲುತ್ತಿರಲಿಲ್ಲ. ರೇಸಿನಲ್ಲಿ ನನ್ನ ಜೊತೆ ಬರುತ್ತಿದ್ದ ಶಾಲೆಯ ಮಾಸ್ಟ್ರೊಬ್ಬರು, "ನಿಲ್ಲಬೇಡಿ ಮಾರಾಯ್ರೆ, ಈಗಲೇ ತಡ ಆಗಿ ಉಂಟು" ಎಂದರು. ಸರಿಯೇ, ನಿಂತರೆ ಪದಕವಿಲ್ಲ. ಇನ್ನೊಮ್ಮೆ ಬರುತ್ತೇನೆ ಎನ್ನಲು ಬಾಯಿ ತೆರೆದೆ. ಅದೇ ಮಾತು, ಅಮ್ಮ, ನಿನ್ನದೇ ಮಾತು... ಬ್ರೇಕ್ ಹಿಡಿದು ಇಳಿದೆ.

ಯಾರ ಮಗಳೆಂದು ಗೊತ್ತಾದ ಮೇಲೆ ಅವರು ಸುಮ್ಮನೆ ಬಿಡುತ್ತಾರೆಯೇ? ಜಗಲಿಯಲ್ಲಿ ಕೂರಿಸಿದರು. ಬೆಲ್ಲ ಕಚ್ಚಿ ನೀರು ಕುಡಿದೆ. ಆ ದಿನ ನೀನು ಹಾಗೇ ಹೊರಟದ್ದಕ್ಕೆ ನಿನ್ನ ಪರವಾಗಿ ಕ್ಷಮೆ ಕೇಳಿದೆ. ಅವರು ನಕ್ಕರು.

"ಎಂಥ ಕ್ಷಮೆ? ಅವತ್ತು ಮನೆಯಲ್ಲಿ ಒಂದು ತುಂಡು ಬೆಲ್ಲ ಇರಲಿಲ್ಲ. ಬಾಯಿಮಾತಿಗೆ ಕೂತ್ಕೊಳ್ಳಿ ಅಂದೆ, ಎದೆಯೊಳಗೆ ಡವಡವ. ನಿನ್ನ ಅಮ್ಮನಿಗೆ ನನ್ನ ಮುಖ ನೋಡಿಯೇ ಗೊತ್ತಾಯ್ತು, ಬೇಡ ಅಂದ್ರು. ನನ್ನ ಮರ್ಯಾದೆ ಉಳಿಸಿದ್ರು. ಈಗಲೂ ಸೊಸೆಯಂದಿರ ಹತ್ರ ಹೇಳ್ತಾ ಇರ್ತೇನೆ."

ನನ್ನ ಡ್ಯಾನ್ಸಿನ ವಿಷಯ ನಾನು ಬಾಯಿ ಬಿಡಲಿಲ್ಲ. ಬಿಡಬೇಕಿತ್ತಾ?

ಮೂಡುಬಿದಿರೆ ಮುಟ್ಟುವಾಗ ಮೂರು ಗಂಟೆ ಹನ್ನೆರಡು ನಿಮಿಷ. ಬ್ಯಾನರ್ ಮಡಚುತ್ತಿದ್ದರು. "ಟೈಮ್ ಮುಗೀತು ಮೇಡಂ" ಎಂದು ಒಂದು ಬಾಳೆಹಣ್ಣು ಕೊಟ್ಟರು. ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಮುಂದಿನ ವರ್ಷ ಅರ್ಧ ಗಂಟೆ ಬೇಗ ಗುಡ್ಡೆ ಹತ್ತುತ್ತೇನೆ, ಜಗಲಿಯಲ್ಲಿ ಕೂರಲಿಕ್ಕೂ ಸಮಯ ಇಟ್ಟುಕೊಂಡು.

ವಾರಿಜಕ್ಕ ಬೇಸರ ಮಾಡಿರಲಿಲ್ಲ ಅಮ್ಮ. ಇಷ್ಟು ವರ್ಷ ನಿನ್ನನ್ನು ಹೊಗಳುತ್ತಲೇ ಇದ್ದರು.

ನಿನ್ನ ಸೆರಗು ಎಳೆದ ಮಗಳು