ರವಿವಾರ ಬಾರದ ಸಪ್ಪಳ

ಅತ್ತೆಯವರೇ,

ಇಪ್ಪತ್ತೆರಡು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದೆವು, ಒಂದು ಚೀಟಿಯನ್ನೂ ನಿಮಗೆ ಬರೆದವಳಲ್ಲ. ಈಗ ನೀವಿಲ್ಲದಾಗ ಬರೆಯಲು ಕೂತಿದ್ದೇನೆ. ಧಾರವಾಡದ ಕಚೇರಿಯಿಂದ ಉಣಕಲ್ಲಿನವರೆಗೆ ಬಸ್ಸಿನಲ್ಲಿ ನಿಂತೇ ಬಂದೆ, ಕಾಲು ಸೋತಿವೆ. ಅಕ್ಷರ ಸೊಟ್ಟಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಪಾತ್ರೆ ತೊಳೆಯುವ ಮಷಿನ್ನು ಮನೆಗೆ ಬಂದ ದಿನ ನೆನಪಿದೆಯೇ? "ಮನ್ಯಾಗ ಯಾರಿಗೂ ಕೈ ಇಲ್ಲೇನ? ಬರೇ ನೀರ ಚಿಮ್ಮಿಸಿದ್ರ ಮುಸುರಿ ಹೋಗ್ತದ?" ಎಂದಿರಿ. ಅದು ತೊಳೆದು ಕೊಟ್ಟ ಚಮಚಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದಿರಿ. ಎಲ್ಲಿಯೂ ಕಲೆ ಸಿಗಲಿಲ್ಲ. ಅದಕ್ಕೇ ಸಿಟ್ಟು ಬಂದು ಎಲ್ಲವನ್ನೂ ಮತ್ತೊಮ್ಮೆ ತೊಳೆದಿಟ್ಟಿರಿ. ನಾನು ನಗಲಿಲ್ಲ. ನಕ್ಕಿದ್ದರೆ ಬಹುಶಃ ನೀವೂ...

ಕೊನೆಯ ವಾರ ಹಾಸಿಗೆಯಿಂದಲೇ ನನ್ನ ಕೈ ಹಿಡಿದು ನೀವು ಹೇಳಿದ್ದು ಒಂದೇ ಮಾತು. "ಸುಮಾ, ಅವರ ಊಟದ ಹೊತ್ತ ತಪ್ಪಸಬ್ಯಾಡ. ಅವರಿಗೆ ಹಸಿವಿ ತಡ್ಯಾಂಗಿಲ್ಲ." ನಾನು ಹೂಂ ಎಂದೆ. ಆ ಒಂದು ಹೂಂ ಈ ಏಳು ತಿಂಗಳು ನನ್ನನ್ನು ಸುಮ್ಮನೆ ಕೂಡಗೊಟ್ಟಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ರೊಟ್ಟಿ, ಪಲ್ಯ, ಅನ್ನ, ಸಾರು ಮುಚ್ಚಿಟ್ಟು ಹೋಗುತ್ತಿದ್ದೆ. ಸಂಜೆ ಬಂದರೆ ಅನ್ನ, ರೊಟ್ಟಿ ಖಾಲಿ. ಆದರೆ ಮಾವನವರ ತಾಟು ನಾನು ಇಟ್ಟಲ್ಲೇ, ಒಂದು ಹನಿ ನೀರು ಸೋಕದೆ, ಒಣಗಿಕೊಂಡೇ ಇರುತ್ತಿತ್ತು. "ಉಂಡೇನವಾ" ಎನ್ನುತ್ತಿದ್ದರು. ತಾಟು ಇಲ್ಲದೆ ಹೇಗೆ ಉಂಡರು? ಓಣಿಯ ನಾಯಿಗೆ ಹಾಕಿ ನನಗೆ ಸುಳ್ಳು ಹೇಳುತ್ತಿದ್ದಾರೆಯೇ? ಧೋತರದ ಗಂಟು ಬೇರೆ ಸಡಿಲಾದಂತೆ ಕಾಣುತ್ತಿತ್ತು. ಕೇಳಲು ಬಾಯಿ ಬರಲಿಲ್ಲ.

ಮಷಿನ್ನು ಸಪ್ಪಳ ಮಾಡಲು ಶುರುಮಾಡಿದ್ದೂ ಆಗಲೇ. ನಾನು ಸಂಜೆ ಐದೂವರೆಗೆ ಮನೆಯ ಬಾಗಿಲು ತೆಗೆದರೆ ಮಷಿನ್ನಿನೊಳಗಿನಿಂದ ಟಕ್, ಟಕ್, ಟಕ್. ಯಾರೋ ಒಳಗೆ ಕೂತು ಬಾಗಿಲು ಬಡಿದಂತೆ. ಮಾವನವರಿಗೆ ಕಿವಿ ಮಂದ, ಅವರಿಗೆ ಅದು ಕೇಳಿಸದು. ಪಾತ್ರೆ ಜೋಡಿಸುವುದು, ಮಷಿನ್ನು ಹಚ್ಚುವುದು, ತೆಗೆದಿಡುವುದು ಎಲ್ಲ ಅವರೇ ವಹಿಸಿಕೊಂಡಿದ್ದರು. "ನೀ ದಣದ ಬಂದೀ, ಕುಂಡ್ರು. ನಾ ತಗದಿಡ್ತೇನಿ" ಎನ್ನುತ್ತಿದ್ದರು. ಎಂದೂ ತಾಟು ಎತ್ತಿಡದ ಮನುಷ್ಯ! ಏನೋ ಒಂದು ಕೆಲಸ ಸಿಕ್ಕಿತಲ್ಲ ಎಂದು ನಾನೂ ಸುಮ್ಮನಿದ್ದೆ. ರವಿವಾರ ಎಲ್ಲರೂ ಕೂಡಿ ಉಂಡು ನಾನು ಪಾತ್ರೆ ಜೋಡಿಸಿದರೆ ಮಾತ್ರ ಸಪ್ಪಳವಿಲ್ಲ. "ಅದಕ್ಕೂ ರವಿವಾರ ಸೂಟಿ ಬೇಕಲ್ಲ" ಎಂದು ನಿಮ್ಮ ಮಗ ನಕ್ಕರು. ನನಗೆ ನಗು ಬರಲಿಲ್ಲ. ನಿಮಗೆ ಬೇಡವಾಗಿದ್ದ ಮಷಿನ್ನು ಅದು. ನೀವೇ ಒಳಗೆ ಕೂತು ನನ್ನನ್ನು ಬೈಯುತ್ತಿದ್ದೀರೇನೋ ಎಂದು ಖರೇನೇ ಅನಿಸಿತು.

ಮೊದಲ ಸಲ ರಿಪೇರಿಗೆ ಬಂದವರು ಬಸಣ್ಣ. ನನ್ನಷ್ಟೇ ವಯಸ್ಸು, ಮೂಗಿನ ತುದಿಗೆ ಚಾಳೀಸಿನ ಕನ್ನಡಕ. ಜಾಳಿಗೆ ತೆಗೆದು ಕರಿಬೇವಿನ ಕಡ್ಡಿ, ಸಾಸಿವೆ ಹೊರಹಾಕಿದರು. ಖಾಲಿ ಮಷಿನ್ನು ಓಡಿಸಿದರು. ಸಪ್ಪಳವಿಲ್ಲ. ಮರುದಿನದ ರವಿವಾರವೂ ಇಲ್ಲ. ಸೋಮವಾರ ಮತ್ತೆ ಟಕ್, ಟಕ್. ಎರಡನೆಯ ಸಲ ಅಡಿ ಬಿಚ್ಚಿ ಪಂಪು ನೋಡಿದರು. ಅದು ಗಟ್ಟಿಯಾಗಿಯೇ ಇತ್ತು, ಮಷಿನ್ನು ಮತ್ತೆ ತೆಪ್ಪಗೆ ಓಡಿತು. "ಬಾಯಾರ, ನೀವು ಹೇಳೂ ಸಪ್ಪಳ ನನ್ನ ಕಂಡ್ರ ಅಂಜತದ ನೋಡ್ರಿ" ಎಂದು ಹೋದರು. ಹೊರಗಿನವರು ಬರುವಾಗ ಮನೆಯಲ್ಲಿ ಮುಸುರೆ ಪಾತ್ರೆ ಕಾಣಬಾರದು ಎಂದು ಕಲಿಸಿದವರು ನೀವೇ ಅಲ್ಲವೇ? ಎರಡೂ ಶನಿವಾರ ರಜೆ ಹಾಕಿ, ಬಸಣ್ಣ ಬರುವ ಮೊದಲೇ ಮಷಿನ್ನಿನೊಳಗಿನದೆಲ್ಲ ತೆಗೆದು ಕೈಯಿಂದ ತೊಳೆದು ಒರೆಸಿ ಇಟ್ಟಿದ್ದೆ. ಮಷಿನ್ನು ತೋರಿಸುವುದಕ್ಕಾಗಿ ಪಾತ್ರೆ ತೊಳೆದ ಹೆಂಗಸು ಹುಬ್ಬಳ್ಳಿಯಲ್ಲಿ ನಾನೊಬ್ಬಳೇ ಇರಬೇಕು.

ಇವತ್ತು ಬಸಣ್ಣ ಹೇಳದೇ ಬಂದರು. ನಿಮ್ಮ ತವರೂರು ಸುಳ್ಳದಲ್ಲಿ ಯಾರದೋ ಫ್ರಿಜ್ಜು ನೋಡಿ ಹೋಗುವ ದಾರಿಯಂತೆ. ನಾನು ಆಗಷ್ಟೇ ಚಪ್ಪಲಿ ಬಿಟ್ಟಿದ್ದೆ, ಮಷಿನ್ನು ಓಡುತ್ತಿತ್ತು. ಬಾಗಿಲಿಗೆ ಕಿವಿ ಹಚ್ಚಿ ನಿಂತರು. "ಇದು ಮಷಿನ್ನಿನ ಬ್ಯಾನಿ ಅಲ್ರಿ. ನೀರ ಚಿಮ್ಮೂ ರೆಕ್ಕಿ ತಿರಗೂ ಮುಂದ ಯಾವುದೋ ಭಾಂಡೆಕ್ಕ ಬಡ್ಯಾಕತ್ತೇತಿ. ಒಳಗಿಂದೆಲ್ಲ ತಗದ ತೋರಿಸಿದ್ರ ನನಗರ ಹೆಂಗ ಗೊತ್ತಾಗಬೇಕ್ರಿ?" ಮಾವನವರು ಅಡ್ಡ ಬಂದರು. "ನಡುವ ತಗೀಬಾರದಪಾ ಅದನ್ನ" ಎಂದರು. ಅಷ್ಟರಲ್ಲಿ ಬಸಣ್ಣ ಮಷಿನ್ನಿನ ಬಾಗಿಲು ತೆಗೆದಾಗಿತ್ತು. ಕೆಳಗಿನ ಸಾಲಿನಲ್ಲಿ, ಉಳಿದ ಪಾತ್ರೆಗಳ ನಡುವೆ ಎತ್ತರವಾಗಿ ನಿಂತಿದ್ದು ನಿಮ್ಮ ಗಂಗಾಳ. ತವರಿನವರು ಹೆಸರು ಕೆತ್ತಿಸಿ ಕೊಟ್ಟ ಆ ಅಗಲದ ಕಂಚಿನ ತಾಟು, ನೀವು ಒಂದು ದಿನವೂ ಅದರಲ್ಲಿ ಉಣ್ಣದೆ ಟ್ರಂಕಿನಲ್ಲಿಟ್ಟದ್ದು. ಅಂಚು ಮೇಲಿನ ಸಾಲಿನ ಅಡಿಗಿರುವ ರೆಕ್ಕೆಗೆ ಬಡಿದು ಬಡಿದು ಹೊಳೆಯುತ್ತಿತ್ತು.

ಬಸಣ್ಣ ಮೇಲಿನ ಸಾಲನ್ನು ಒಂದು ಮೆಟ್ಟಿಲು ಎತ್ತರಿಸಿದರು. "ಆದ್ರೂ ಕಂಚು ಇದರಾಗ ಹಾಕಬ್ಯಾಡ್ರಿ, ಕಪ್ಪಾಗ್ತದ" ಎಂದು ಚಹಾ ಕುಡಿದು ಹೋದರು. ಮಾವನವರು ಗಂಗಾಳ ಹಿಡಿದು ನಿಂತೇ ಇದ್ದರು. ಕದ್ದು ಸಿಕ್ಕಿಬಿದ್ದವರ ಮುಖ. ಆಮೇಲೆ ಅವರೇ ಹೇಳಿದರು. "ನಲವತ್ತೆಂಟ ವರ್ಷ ಆಕಿ ನಾ ಉಂಡ ತಾಟಿನ್ಯಾಗ, ನಾ ಎದ್ದಮ್ಯಾಲೆ ಉಂಡಾಳವಾ. ನೀ ಮೊದಲ ಉಣ್ಣು ಅಂತ ಒಂದ ದಿನಾ ನನ್ನ ಬಾಯಾಗ ಬರಲಿಲ್ಲ. ಈಗ ಮಧ್ಯಾಹ್ನ ಇದರಾಗ ಆಕಿಗೆ ಬಡಸಿಟ್ಟು ಕುಂಡ್ರತೇನಿ. ಆಕೀದ ಆತು ಅನಿಸಿದ ಮ್ಯಾಲೆ ಅದ ಗಂಗಾಳದಾಗ ನಾ ಉಣ್ತೇನಿ. ನಿನ್ನ ಗಂಡಗ ಹೇಳಬ್ಯಾಡ, ನಗತಾನ."

ನಾನು ಒಳಗೆ ಹೋಗಿ ಅತ್ತುಬಿಟ್ಟೆ. ನೀವು ಹೋದ ದಿನ ಬಂದವರಿಗೆ ಚಹಾ ಮಾಡುತ್ತ ಅಳುವುದಕ್ಕೆ ಪುರಸೊತ್ತು ಸಿಕ್ಕಿರಲಿಲ್ಲ. ಹೊರಗೆ ಬಂದಾಗ ಮಾವನವರು ಹಿತ್ತಲಿನ ಕಲ್ಲಿನ ಮೇಲೆ ಕೂತು, ಹುಣಸೆಹಣ್ಣು ಹಚ್ಚಿ ಆ ಗಂಗಾಳವನ್ನು ತಿಕ್ಕುತ್ತಿದ್ದರು. ನಿಮ್ಮ ಹೆಸರಿನ ಅಕ್ಷರಗಳೊಳಗೆ ಬೆರಳು ಆಡಿಸುತ್ತಿದ್ದರು. ನಿಮ್ಮ ಮಗನಿಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ನಾಳೆಯಿಂದ ನಿಮಗೆ ಬೇರೆಯಾಗಿ ಎರಡು ರೊಟ್ಟಿ ಹೆಚ್ಚು ಬಡಿದಿಡುತ್ತೇನೆ, ಬದನೆಕಾಯಿ ಪಲ್ಯ ನಿಮಗೆ ಬೇಕಾದಷ್ಟೇ ಖಾರ. ಆದರೆ ಸ್ವಲ್ಪ ಬೇಗ ಉಂಡು ಏಳಿ ಅತ್ತೆ. ನೀವು ಎದ್ದ ಮೇಲೇ ಅವರು ಉಣ್ಣುವುದು. ಹಸಿವು ತಡೆಯುವುದಿಲ್ಲ ಅವರಿಗೆ.

ನಿಮ್ಮ
ಸುಮಾ