ತೊಳೆಯದ ಕ್ಯಾನು

ಫೆಬ್ರವರಿ 4, ಮಂಗಳವಾರ

ಕಬ್ಬಿಗೆ ಕಳೆನಾಶಕ ಹೊಡೆದು ಮುಗಿಸಿದೆ. ಬೆನ್ನು ಬಿದ್ದುಹೋಗಿದೆ. ಇವರು ಫ್ಯಾಕ್ಟರಿ ಶಿಫ್ಟಿಗೆ ಹೋದರೆ ಹೊಡೆಯುವವಳು ನಾನೇ. ಮನೆ ಭಾಗವಾಗಿ ಮೂರು ವರ್ಷ, ಔಷಧಿ ಹೊಡೆಯುವ ಕ್ಯಾನು ಮಾತ್ರ ಎರಡು ಮನೆಗೂ ಒಂದೇ. ಕಳೆ ಔಷಧಿ ಹಾಕಿದವರು ಸೋಪಿನ ಪುಡಿಯಲ್ಲಿ ಮೂರು ಸಲ ತೊಳೆದು ಕೊಡಬೇಕು. ನಾಳೆ ತೊಳೆದರಾಯಿತು.

ಅತ್ತೆ ಇವತ್ತೂ ರಮ್ಯಶ್ರೀಯ ಟೊಮೇಟೊ ನೋಡಿಕೊಂಡು ಬಂದರು. "ಏನ್ ಬೆಳ್ಸವ್ಳೆ ಕಣಮ್ಮ! ಗಿಡದ್ ತುಂಬ ಊವು." ಮೈದುನನ ಹೆಂಡತಿ, ಬಂದು ನಾಲ್ಕು ವರ್ಷ. ನಾನು ಹದಿನಾರು ವರ್ಷದಿಂದ ದುಡಿಯುತ್ತಿದ್ದೇನೆ, ಒಂದು ದಿನ ಭೇಷ್ ಎಂದವರಲ್ಲ. ಹೊಟ್ಟೆ ಉರಿಯುತ್ತದೆ. ಇಲ್ಲಿ ಬರೆದರೆ ಯಾರಿಗೆ ಗೊತ್ತಾಗುತ್ತದೆ.

ಫೆ. 5, ಬೆಳಿಗ್ಗೆ 7

ರಮ್ಯ ಕ್ಯಾನಿಗೆ ಬಂದಳು. ಟೊಮೇಟೊಗೆ ಹುಳದ ಔಷಧಿ ಹೊಡೆಯಬೇಕಂತೆ.

"ತೊಳ್ದಿದ್ದೀಯಾ ಅಕ್ಕ?"

"ಊಂ ಕಣೆ, ತೊಳ್ದಿವ್ನಿ."

ತೊಳೆದಿಲ್ಲ ಎಂಬುದನ್ನು ಮರೆತಿರಲಿಲ್ಲ. ಅವಳು ಬದು ದಾಟುವವರೆಗೂ ನೋಡುತ್ತ ನಿಂತಿದ್ದೆ. ಕೂಗಬಹುದಿತ್ತು... ತಳದಲ್ಲಿ ಉಳಿದದ್ದು ಎಷ್ಟು ಮಹಾ.

ಫೆ. 14

ಟೊಮೇಟೊ ಚಿಗುರೆಲ್ಲ ಸುರುಟಿಕೊಂಡಿದೆ. ಎಲೆ ದಾರದಷ್ಟು ಸಣ್ಣ. ಹೂವು ಉದುರುತ್ತಿದೆ. ಪೂರ್ತಿ ಅರ್ಧ ಎಕರೆ. ಅತ್ತೆ ಹೊಲದಲ್ಲೇ ಅವಳಿಗೆ ಬೈದರು: "ನಿನ್ ಕೈಲಿ ಆಯ್ತದಾ ಬೇಸಾಯ? ದೊಡ್ಡೋಳ್ನ ನೋಡಿ ಕಲ್ತ್ಕೊ."

ಈ ಮಾತಿಗೆ ಹದಿನಾರು ವರ್ಷ ಕಾದಿದ್ದೆ. ಖುಷಿಯಾಯಿತು. ನಿಜವಾಗಿಯೂ ಆಯಿತು. ಮಧ್ಯಾಹ್ನ ನನ್ನ ಪಾಲಿನ ಮುದ್ದೆ ಮಾತ್ರ ನಾಯಿಗೆ ಹಾಕಿದೆ.

ಫೆ. 17

ರಮ್ಯ ಎಲೆ ಕಿತ್ತುಕೊಂಡು ಮಂಡ್ಯಕ್ಕೆ ಹೋಗಿದ್ದಳು. ಕೃಷಿ ಮೇಡಂ ಒಬ್ಬರು ನೋಡಿದ ಕೂಡಲೇ ಹೇಳಿದರಂತೆ — ರೋಗವಲ್ಲ, ಕಬ್ಬಿಗೆ ಹೊಡೆಯುವ ಕಳೆನಾಶಕ. ಕಬ್ಬಿಗೆ ಏನೂ ಆಗುವುದಿಲ್ಲ, ಅಗಲ ಎಲೆಯ ಗಿಡ ತಡೆಯುವುದಿಲ್ಲ. ಕ್ಯಾನಿನಲ್ಲಿ ಸ್ವಲ್ಪ ಉಳಿದಿದ್ದರೂ ಸಾಕು. ಇಲ್ಲವೇ ಪಕ್ಕದ ಹೊಲದಿಂದ ಗಾಳಿಯಲ್ಲಿ ಬಂದಿರಬೇಕು.

"ಕ್ಯಾನು ನಮ್ಮಕ್ಕ ತೊಳ್ದಿದ್ಲು ಮೇಡಂ, ಅದಲ್ಲ" ಅಂದಳಂತೆ.

ನಮ್ಮ ಕಬ್ಬು ಅಲ್ಲಿಂದ ದೂರ. ಪಕ್ಕದ ಹೊಲದ ದೇವರಾಜು ಆ ವಾರವೇ ತನ್ನ ಕಬ್ಬಿಗೆ ಹೊಡೆದಿದ್ದ. ಈಗ ಅವನ ಮೇಲೆ ಜಗಳಕ್ಕೆ ಹೋಗಿದ್ದಾಳೆ. ನಾನು ಕೂತು ಸೊಪ್ಪು ಬಿಡಿಸಿದೆ.

ಫೆ. 21, ಸಂಜೆ 4

ಐದಕ್ಕೆ ಅರಳಿಕಟ್ಟೆಯಲ್ಲಿ ನ್ಯಾಯ. ಗಾಳಿ ಆವತ್ತು ಟೊಮೇಟೊ ಕಡೆಗಿರಲಿಲ್ಲ ಎನ್ನುತ್ತಾನೆ ದೇವರಾಜು. ಚಿಕ್ಕರಸಿನಕೆರೆ ದೇವಸ್ಥಾನದಲ್ಲಿ ಆಣೆ ಮಾಡಲೂ ತಯಾರು. ತಪ್ಪು ಅವನದೆಂದಾದರೆ ಇನ್ನು ನಮ್ಮ ಜಮೀನಿನ ಮೇಲೆ ಅವನಿಗೆ ನೀರು ಬಿಡುವುದಿಲ್ಲವೆಂದು ಮೈದುನ ಪಟ್ಟು ಹಿಡಿದಿದ್ದಾನೆ. ನೀರಿಲ್ಲದೆ ಅವನ ಕಬ್ಬು ಒಣಗುತ್ತದೆ.

ರಮ್ಯ ಈಗ ಬಂದು ಹೋದಳು. "ಅವ್ನ ಆಣೆ ಯಾರಿಗ್ ಬೇಕು? ತೊಳ್ದಿದ್ದೆ ಅಂತ ನೀನೊಂದ್ ಮಾತ್ ಏಳ್ಬುಡು ಅಕ್ಕ, ಸಾಕು."

ಹೀಗೂ ನಂಬುತ್ತಾಳಲ್ಲ! ಅವಳ ಜಾಗದಲ್ಲಿ ನಾನಿದ್ದರೆ ಮೊದಲ ದಿನವೇ ಕ್ಯಾನು ಮೂಸಿ ನೋಡಿರುತ್ತಿದ್ದೆ. ಇದರಲ್ಲೂ ಅವಳೇ ಮೇಲು. ಅದಕ್ಕೂ ಉರಿಯುತ್ತದೆ.

4.50

ಸೀರೆ ಬದಲಿಸಿದೆ. ರಮ್ಯ ಬಾಗಿಲಲ್ಲಿ ಕೂಗುತ್ತಿದ್ದಾಳೆ — "ಬಾ ಅಕ್ಕ, ಎಲ್ಲ ಸೇರವ್ರೆ." ಊರಿಗೆ ಹೇಳುವ ಮೊದಲು ಇವಳೊಬ್ಬಳಿಗೆ ಹೇಳಬೇಕು. ಇಲ್ಲೇ, ಬಾಗಿಲಲ್ಲೇ. ಹೀಗೆ ಹೇಳುತ್ತೇನೆ: "ರಮ್ಯಾ, ಆವತ್ತು ನಾನು ಕ್ಯಾನು ತೊಳ್ದಿರ್ಲಿಲ್ಲ ಕಣೆ."