ಹೊಸ್ತಿಲಲ್ಲಿ ನಿಂತು ಮಾಡಿದ ತಪಾಸಣೆ

ಜೂನ್ 3
ಕುಷ್ಠ ಪತ್ತೆಗೆ ಮನೆಮನೆ ಚರ್ಮದ ತಪಾಸಣೆ, ಎರಡನೇ ದಿನ. ಹದಿನೆಂಟು ಮನೆ. ಗಂಡಸರು ಅಂಗಿ ಬಿಚ್ಚುತ್ತಾರೆ, ಬೆಳಕಿಗೆ ತಿರುಗಿಸಿ ನೋಡುತ್ತೇನೆ. ಮಚ್ಚೆ ಕಂಡರೆ ಪೆನ್ನಿನ ತುದಿ ತಾಗಿಸಿ ಗೊತ್ತಾಗುತ್ತಾ ಎಂದು ಕೇಳುತ್ತೇನೆ. ಹೆಂಗಸರನ್ನು ನೋಡಬೇಕಾದ ಸಿಸ್ಟರ್ ಹೆರಿಗೆ ರಜೆಯಲ್ಲಿ. ಬದಲಿಗೆ ಯಾರೂ ಬಂದಿಲ್ಲ. ಹೊಸ್ತಿಲಲ್ಲಿ ನಿಂತು ಕೇಳಬೇಕು, ಉತ್ತರ ಕೊಡುವವನೂ ಗಂಡಸೇ. "ನಮ್ಮನೆ ಹೆಂಗಸ್ರಿಗೆ ಏನೂ ಇಲ್ಲ ಸಾರ್." ಬರೆದುಕೊಂಡೆ — ಇಲ್ಲ.
ಸೂಪರ್‌ವೈಸರ್‌ಗೆ ಹೇಳಿದೆ. "ಕಾಲಂ ಖಾಲಿ ಬಿಡ್ಬೇಡ, ಅಷ್ಟೇ" ಅಂದರು.

ಜೂನ್ 5
ಇವತ್ತಿನ ಪಟ್ಟಿಯಲ್ಲಿ ತಂಗಿಯ ಮನೆಯೂ ಇತ್ತು. ಅವಳ ಗಂಡನನ್ನು ನೋಡಿದೆ, ಚೊಕ್ಕಟ. ತಂಗಿ ಟೀ ತಂದಳು. ಸ್ಟೀಲ್ ಲೋಟ, ಕೆಂಡದಂಥ ಬಿಸಿ. ನಾನು ಕರ್ಚೀಫಿನಲ್ಲಿ ಹಿಡಿದೆ, ಅವಳು ಬರಿಗೈಯಲ್ಲಿ. ಕಬ್ಬಿಣದ ಕೈಯಾ ಎಂದು ರೇಗಿಸಿದೆ. "ಅಣ್ಣ, ಒಂದ್ ಮಾತು..." ಅಂದಳು. ಅವಳ ಅತ್ತೆ ಅಲ್ಲೇ ಕೂತಿದ್ದರು. "ಅವಳಿಗೇನು, ಗುಂಡುಕಲ್ಲಿನ ಹಾಗಿದ್ದಾಳೆ." ತಂಗಿ ಒಳಗೆ ಹೋದಳು. ಮೈ ತೋರಿಸು ಎಂದು ಅಣ್ಣನಾದವನು ಹೇಗೆ ಕೇಳುವುದು? ತಂಗಿ, ಅತ್ತೆ ಇಬ್ಬರಿಗೂ 'ಇಲ್ಲ' ಬರೆದೆ. ಮುಂದಿನ ಮನೆ.

ಫೆಬ್ರವರಿ 11
ತಂಗಿ ನಮ್ಮ ಆಸ್ಪತ್ರೆಗೆ ಬಂದಿದ್ದಳು. ತರಕಾರಿ ನೆಪ ಹೇಳಿ, ಒಬ್ಬಳೇ. ಬಲಗೈಯ ಕಿರುಬೆರಳು, ಉಂಗುರಬೆರಳು ಮಡಚಿಕೊಂಡಿವೆ. ನೆಟ್ಟಗಾಗುವುದಿಲ್ಲ. ಡಾಕ್ಟರಮ್ಮ ಪರದೆ ಎಳೆದು ನೋಡಿದರು. ತೋಳಿನ ಮೇಲ್ಭಾಗದಲ್ಲಿ ಅಂಗೈಯಗಲ ಮಚ್ಚೆ. ಕುಷ್ಠ. ಒಂದು ವರ್ಷ ಮಾತ್ರೆ, ಗುಣವಾಗುತ್ತದೆ. ಬೆರಳು? "ಮುಂಚೆನೇ ಬಂದಿದ್ರೆ ಉಳೀತಿತ್ತು."
"ಅವತ್ತೇ ಹೇಳ್ಬೇಕು ಅಂದ್ಕೊಂಡಿದ್ದೆ ಅಣ್ಣ. ಅತ್ತೆ ಇದ್ರಲ್ಲ" ಅಂದಳು.
ಅವಳು ಬೈದಿದ್ದರೆ ವಾಸಿಯಿತ್ತು. ಲೋಟದ ಬಿಸಿ ಗೊತ್ತಾಗದ ಆ ಕೈ ನೋಡಿಯೂ ನಕ್ಕವನು ನಾನು. ಹದಿನಾಲ್ಕು ವರ್ಷದ ಸರ್ವಿಸ್.

ಫೆಬ್ರವರಿ 20
ಅವಳ ತಟ್ಟೆ, ಲೋಟ ಬೇರೆ ಇಟ್ಟಿದ್ದಾರಂತೆ. ಮಗಳನ್ನು ಹತ್ತಿರ ಬಿಡುತ್ತಿಲ್ಲ. ತಡೆಯಲಾಗದೆ ಹೋದೆ. ಮಾತ್ರೆ ಶುರುವಾದ ಮೇಲೆ ಅಂಟುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅವಳ ಗಂಡ ನೆಲ ನೋಡುತ್ತಾ ಕೇಳಿದ, "ಜೂನಲ್ಲಿ ನೀವೇ ನೋಡಿ, ಇಲ್ಲ ಅಂತ ಬರ್ಕೊಂಡು ಹೋದ್ರಲ್ಲ ಭಾವ. ಆಮೇಲೆ ಎಲ್ಲಿಂದ ತಂದ್ಲು?"
ತಂಗಿ ನನ್ನನ್ನೇ ನೋಡಿದಳು. ಎದ್ದು ಬಂದುಬಿಟ್ಟೆ. ನಾಚಿಕೆಗೆಟ್ಟವನು.

ಫೆಬ್ರವರಿ 21, ಮಧ್ಯಾಹ್ನ
ಹೋಗಿ ಹೇಳಿದೆ. ಎಲ್ಲರ ಎದುರಿಗೆ. ನಾನು ನೋಡಲಿಲ್ಲ, ಕೇಳಲೂ ಇಲ್ಲ, ಬರೆದದ್ದು ಸುಳ್ಳು. ತಂಗಿಯ ಗಂಡ ಎದ್ದು ಹೊರಗೆ ಹೋದ. ತಂಗಿ ಅಡುಗೆಮನೆಯಲ್ಲಿ ಅಳುತ್ತಿದ್ದಳು.
ಚಪ್ಪಲಿ ಹಾಕಿಕೊಳ್ಳುವಾಗ ಅವಳ ಅತ್ತೆ ಮೆಟ್ಟಿಲವರೆಗೆ ಬಂದರು. ಸುತ್ತ ನೋಡಿದರು.
"ನೋಡಪ್ಪ... ನನ್ನ ಬೆನ್ನ ಮೇಲೂ ಅಂಥದ್ದೇ ಮಚ್ಚೆ ಇದೆ. ಚಿವುಟಿದ್ರೂ ಗೊತ್ತಾಗಲ್ಲ. ಯಾರೂ ನೋಡ್ಲಿಲ್ಲ, ನಾನೂ ಹೇಳ್ಲಿಲ್ಲ."
ಯಾವಾಗಿನಿಂದ, ಕೇಳಿದೆ.
"ನಿನ್ನ ತಂಗಿ ಈ ಮನೆಗೆ ಬರೋಕ್ ಮುಂಚಿನಿಂದ."
ಅಂದರೆ ತಂಗಿಗೆ ಇದು ಅಂಟಿದ್ದು ಈ ಮನೆಯಲ್ಲೇ.